ಶಾಪದ ಕತ್ತಿ ಹಿಡಿಯುವುದು ಧೈರ್ಯವೇ?

ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳನ್ನು ಆಡುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಗುಹೆಯಲ್ಲಿ ಸಿಕ್ಕ ಉಂಗುರವನ್ನು ಹಿಂದುಮುಂದು ನೋಡದೆ ಬೆರಳಿಗೆ ಏರಿಸುವವನೇ ನಿಜವಾದ ಆಟಗಾರ. ಅದರಲ್ಲಿ ಶಾಪವಿದ್ದೀತು ಎಂದು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಸೇರಿಸುವವನು ಬರೀ ಲೆಕ್ಕಿಗ. ಶಾಪಗ್ರಸ್ತ ವಸ್ತುಗಳಿರುವುದೇ ಧೈರ್ಯವನ್ನು ಪರೀಕ್ಷಿಸಲು, ಹೊಸ ಆವೃತ್ತಿಗಳು ಅವುಗಳ ಹಲ್ಲು ಕಿತ್ತು ಆಟವನ್ನೇ ಸಪ್ಪೆ ಮಾಡಿಬಿಟ್ಟವು ಎಂಬ ಗೊಣಗಾಟವೂ ಇದೇ ನಂಬಿಕೆಯ ಮುಂದುವರಿಕೆ. ಎದುರು ಪಕ್ಷವೂ ಅಷ್ಟೇ ಹಳೆಯದು. ನಷ್ಟದ ಸಾಧ್ಯತೆ ದೊಡ್ಡದಿರುವ ವಸ್ತುವನ್ನು ಬುದ್ಧಿಯಿರುವವನು ಮುಟ್ಟುವುದಿಲ್ಲ, ಮುಟ್ಟುವಂತೆ ಮಾಡುವ ಡಂಜನ್ ಮಾಸ್ಟರ್ ಆಟಗಾರರ ಮೇಲೆ ಹಗೆ ತೀರಿಸಿಕೊಳ್ಳುತ್ತಿದ್ದಾನೆ ಎಂಬುದು ಅವರ ವಾದ. ಇಬ್ಬರೂ ಕಚ್ಚಾಡುತ್ತಿರುವಂತೆ ಕಂಡರೂ ಒಂದು ವಿಷಯವನ್ನು ಇಬ್ಬರೂ ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ: ಅಪಾಯ ಎಂಬುದು ಒಂದೇ ಸರಕು, ಅದು ಹೆಚ್ಚಿರಬೇಕೋ ಕಡಿಮೆಯಿರಬೇಕೋ ಎಂಬುದಷ್ಟೇ ಪ್ರಶ್ನೆ. ನನ್ನ ತಕರಾರು ಈ ಒಪ್ಪಿಗೆಯ ಮೇಲೆಯೇ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಕಟ್ಟಿಟ್ಟು, ಒಂದರ ಗುಣವನ್ನು ಇನ್ನೊಂದರ ಸಮರ್ಥನೆಗೆ ಬಳಸುತ್ತಿದ್ದೇವೆ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ನಾಲ್ಕೈದು ಜನ ಒಂದೊಂದು ಪಾತ್ರ ಹಿಡಿದು ಕೂರುತ್ತಾರೆ. ಡಂಜನ್ ಮಾಸ್ಟರ್, ಅಂದರೆ ಡಿಎಂ, ಲೋಕವನ್ನೂ ರಾಕ್ಷಸರನ್ನೂ ನಿಧಿಯನ್ನೂ ನೋಡಿಕೊಳ್ಳುತ್ತಾನೆ. ಏನಾಗುತ್ತದೆಂಬುದನ್ನು ಮಾತು ಮತ್ತು ದಾಳ ಸೇರಿ ನಿರ್ಧರಿಸುತ್ತವೆ. ಒಂದೇ ಕಥೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಈಗ ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲೂ ಇದನ್ನು ಆಡುತ್ತಾರೆ. ಮುಂದಿನ ವಾದಕ್ಕೆ ಬೇಕಾದದ್ದು ಎರಡೇ ಅಂಶ: ಆಡುವವನು ಬೇರೆ, ಅವನ ಪಾತ್ರ ಬೇರೆ, ಮತ್ತು ಆಟ ಒಬ್ಬನದಲ್ಲ, ಇಡೀ ಟೇಬಲ್ಲಿನದು.

ಮೊದಲು, ಧೈರ್ಯದ ಪಕ್ಷದ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಇಡೋಣ. ಒಂದು, ಪರಂಪರೆ ಅವರ ಕಡೆಗಿದೆ. ಈ ಆಟಗಳು ಹೀರಿಕೊಂಡು ಬೆಳೆದ ಕಥೆಗಳಲ್ಲೆಲ್ಲ ಮಾಂತ್ರಿಕ ಆಯುಧವೆಂದರೆ ಕಂಟಕವೇ. ನಾರ್ಸ್ ಕಥನದ ಟೈರ್ಫಿಂಗ್ ಕತ್ತಿ ಒರೆಯಿಂದ ಹೊರಬಂದಾಗಲೆಲ್ಲ ಒಬ್ಬನ ಪ್ರಾಣ ತೆಗೆಯದೆ ಮರಳುವುದಿಲ್ಲ. ಮೈಕೆಲ್ ಮೂರ್‌ಕಾಕ್ ಬರೆದ ಎಲ್ರಿಕ್‌ನ ಕೈಯಲ್ಲಿರುವ ಸ್ಟಾರ್ಮ್‌ಬ್ರಿಂಗರ್ ಕೊಂದವರ ಆತ್ಮ ಕುಡಿದು ಒಡೆಯನಿಗೆ ಬಲ ಕೊಡುತ್ತದೆ, ಅವನ ಆಪ್ತರನ್ನೂ ಬಿಡುವುದಿಲ್ಲ. ಟೋಲ್ಕಿನ್‌ನ ಉಂಗುರದ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಎರಡು, ಆಟದ ಸಮತೋಲಕ್ಕೆ ಶಾಪ ಬೇಕು. ಸಿಕ್ಕಿದ್ದೆಲ್ಲ ಲಾಭವೇ ಆದರೆ ಆಟ ದೋಚುವ ಕೆಲಸವಾಗುತ್ತದೆ; ಹತ್ತರಲ್ಲಿ ಒಂದು ಕಚ್ಚುತ್ತದೆ ಎಂಬ ಭಯ ದುರಾಸೆಗೆ ಕಡಿವಾಣ. 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಗೈಗ್ಯಾಕ್ಸ್ ಇಂಥ ವಸ್ತುಗಳ ದೊಡ್ಡ ಸಾಲನ್ನೇ ಇಟ್ಟಿದ್ದಾನೆ: ಹೊದ್ದ ಕ್ಷಣದಲ್ಲೇ ಕೊಲ್ಲುವ ವಿಷದ ನಿಲುವಂಗಿ, ಕೊರಳಿಗೆ ಹಾಕಿದ ಮೇಲೆ ಬಿಗಿಯುತ್ತಲೇ ಹೋಗುವ ಹಾರ, ಸಾಮಾನು ಇಡುವ ಚೀಲದಂತೆ ಕಂಡರೂ ನಿಜದಲ್ಲಿ ಯಾವುದೋ ಪ್ರಾಣಿಯ ಬಾಯಿಯಾಗಿರುವ ಚೀಲ, ತೊಟ್ಟವನ ಸ್ವಭಾವವನ್ನೇ ತಲೆಕೆಳಗು ಮಾಡುವ ಶಿರಸ್ತ್ರಾಣ. ಮೂರು, ವಿಸ್ಮಯ. ಎಲ್ಲ ಗುಣಗಳೂ ಚೀಟಿಯಲ್ಲಿ ಬರೆದು ಕೊಟ್ಟಂತೆ ತಿಳಿದುಬಿಟ್ಟರೆ ಮಾಂತ್ರಿಕ ಕತ್ತಿಗೂ ಅಂಗಡಿಯ ಕತ್ತಿಗೂ ಏನು ವ್ಯತ್ಯಾಸ? ಈ ಮೂರೂ ತಳ್ಳಿಹಾಕುವಂಥ ಮಾತುಗಳಲ್ಲ. ತೊಂದರೆಯೆಂದರೆ ಮೂರೂ ಬೇರೆ ಬೇರೆ ರೀತಿಯ ವಸ್ತುಗಳ ಬಗ್ಗೆ ನಿಜ.

ಅವನ್ನು ಬಿಡಿಸಿ ಇಟ್ಟರೆ ಹೀಗಿದೆ:

1. ಮುಚ್ಚಿಟ್ಟ ಶಾಪ. ಒಳ್ಳೆಯ ವಸ್ತುವಿನಂತೆಯೇ ಕಾಣುತ್ತದೆ. ಬಳಸಿದ ಮೇಲೆ ಮಾತ್ರ ಬಣ್ಣ ಬಯಲು. ಮೇಲೆ ಹೇಳಿದ ನಿಲುವಂಗಿ, ಹಾರ, ಚೀಲ ಎಲ್ಲ ಈ ಜಾತಿ.

2. ಜೂಜು. ಏನೇನು ಆಗಬಹುದೆಂಬುದು ಗೊತ್ತು, ಯಾವುದು ಆಗುತ್ತದೆಂಬುದು ಗೊತ್ತಿಲ್ಲ. 1975ರ ಗ್ರೇಹಾಕ್ ಪುರವಣಿಯಿಂದ ಇಂದಿನವರೆಗೂ ಬದುಕಿರುವ ‘ಡೆಕ್ ಆಫ್ ಮೆನಿ ಥಿಂಗ್ಸ್’ ಎಂಬ, ಇಸ್ಪೀಟಿನಂಥ ಎಲೆಗಳ ಕಟ್ಟು ಇದರ ಮಾದರಿ.

3. ಬೆಲೆ. ಕೊಡುವುದೇನು, ಕಿತ್ತುಕೊಳ್ಳುವುದೇನು ಎರಡೂ ಬಹುಮಟ್ಟಿಗೆ ಮೊದಲೇ ತಿಳಿದಿರುತ್ತದೆ. 1976ರಲ್ಲಿ ಎಲ್ಡ್ರಿಚ್ ವಿಝರ್ಡ್ರಿ ಪುಸ್ತಕದಲ್ಲಿ ಬಂದ, ವೆಕ್ನಾ ಎಂಬ ಮಾಂತ್ರಿಕನ ಕೈ ಬೇಕೆಂದರೆ ನಿಮ್ಮ ಕೈಯನ್ನು ಕಡಿದುಕೊಳ್ಳಬೇಕು, ಅವನ ಕಣ್ಣು ಬೇಕೆಂದರೆ ನಿಮ್ಮದನ್ನು ಕಿತ್ತುಕೊಳ್ಳಬೇಕು.

ಮುಚ್ಚಿಟ್ಟ ಶಾಪದಿಂದ ಆರಂಭಿಸೋಣ, ಏಕೆಂದರೆ ಧೈರ್ಯದ ಪಕ್ಷದವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ಇದೇ. ಧೈರ್ಯವೆನ್ನುವುದಕ್ಕೆ ಒಂದು ಷರತ್ತಿದೆ: ಎದುರಿಗಿರುವ ಅಪಾಯದ ಅರಿವು. ಉಂಗುರದಲ್ಲಿ ಶಾಪವಿದೆಯೆಂಬ ಕಲ್ಪನೆಯೇ ಇಲ್ಲದೆ ತೊಟ್ಟವನು ಧೈರ್ಯ ತೋರಿಸಲಿಲ್ಲ, ಆಭರಣ ತೊಟ್ಟ ಅಷ್ಟೆ. ಇಲ್ಲ, ಈ ಲೋಕದಲ್ಲಿ ಕೆಲವು ಉಂಗುರಗಳು ಕೆಟ್ಟವು ಎಂಬ ಸಾಮಾನ್ಯ ಅರಿವು ಅವನಿಗಿದೆ ಎನ್ನೋಣ. ಆಗ ಅವನ ಮುಂದಿರುವುದು ಧೈರ್ಯದ ಪ್ರಶ್ನೆಯಲ್ಲ, ತಪಾಸಣೆಯ ಪ್ರಶ್ನೆ. ಇತಿಹಾಸವೂ ಇದನ್ನೇ ಹೇಳುತ್ತದೆ. ಹತ್ತಡಿ ಉದ್ದದ ಕೋಲು 1974ರ ಮೊದಲ ಪುಸ್ತಕದ ಸಾಮಾನು ಪಟ್ಟಿಯಲ್ಲೇ ಇತ್ತು. ನೆಲ ತಟ್ಟಿ ನೋಡುವುದಕ್ಕೆ, ಕೈಯಿಂದ ಮುಟ್ಟಬಾರದ್ದನ್ನು ದೂರದಿಂದ ಮುಟ್ಟುವುದಕ್ಕೆ. ಗೈಗ್ಯಾಕ್ಸ್ ತನ್ನ ಅತ್ಯಂತ ಕ್ರೂರ ರಚನೆಯಾದ ‘ಟೂಂಬ್ ಆಫ್ ಹಾರರ್ಸ್’ ಅನ್ನು ಹುರಿಯಾಳುಗಳ ಮುಂದಿಟ್ಟಾಗ ರಾಬ್ ಕುಂಟ್ಜ್ ಎಂಬ ಆಟಗಾರ ತನ್ನ ರೊಬಿಲಾರ್ ಪಾತ್ರದ ಓರ್ಕ್ ಆಳುಗಳನ್ನು ಮುಂದೆ ಬಿಟ್ಟು ಹಿಂದೆ ಹೆಜ್ಜೆಯಿಟ್ಟ. ಹೊಸ ಉಂಗುರವನ್ನು ಮೊದಲು ಕೂಲಿಯಾಳಿನ ಬೆರಳಿಗೆ ತೊಡಿಸಿ ನೋಡುವುದು ಅನೇಕ ಟೇಬಲ್ಲುಗಳ ವಾಡಿಕೆಯಾಯಿತು. ಅಂದರೆ ಧೈರ್ಯಶಾಲಿಗಳನ್ನು ಹುಟ್ಟಿಸಬೇಕಾಗಿದ್ದ ನಿಯಮ ಬಡಪಾಯಿ ಆಳುಗಳ ಮೇಲೆ ಪ್ರಯೋಗ ಮಾಡುವ ಎಚ್ಚರಿಕೆಯ ಧಣಿಗಳನ್ನು ಹುಟ್ಟಿಸಿತು. ಲೆಕ್ಕಿಗನನ್ನು ಹಳಿಯುವವರು ಗಮನಿಸಬೇಕಾದದ್ದು ಇದನ್ನೇ: ಅವನನ್ನು ತಯಾರಿಸಿದ್ದು ಅವರು ಹೊಗಳುವ ಶಾಪಗಳೇ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ಬಲವಾದದ್ದೇ. ತಪಾಸಣೆಯೂ ಆಟವೇ ಅಲ್ಲವೇ? ವಸ್ತುವಿನ ಗುಟ್ಟನ್ನು ಪತ್ತೆಹಚ್ಚುವ ಜಾಣತನವೂ ಒಂದು ಸುಖವೇ ಅಲ್ಲವೇ? ಹೌದು, ಮತ್ತು ಇದಕ್ಕೆ ಅತ್ಯುತ್ತಮ ಉದಾಹರಣೆ ಟೇಬಲ್ಲಿನ ಮೇಲಲ್ಲ, ಕಂಪ್ಯೂಟರಿನಲ್ಲಿದೆ. 1987ರಲ್ಲಿ ಬಂದ ನೆಟ್‌ಹ್ಯಾಕ್ ಆಟದಲ್ಲಿ ಪ್ರತಿ ವಸ್ತುವೂ ಹರಸಿದ್ದು, ಸಾಮಾನ್ಯ, ಶಾಪಗ್ರಸ್ತ ಎಂಬ ಮೂರರಲ್ಲಿ ಒಂದು. ಯಾವುದು ಎಂಬುದು ನೋಡಿದರೆ ತಿಳಿಯದು. ಆದರೆ ತಿಳಿಯುವ ದಾರಿಗಳನ್ನು ಆ ಲೋಕ ತನ್ನೊಳಗೇ ಹುದುಗಿಸಿದೆ: ಬಲಿಪೀಠದ ಮೇಲೆ ಇಟ್ಟರೆ ಶಾಪದ ವಸ್ತು ಕಪ್ಪಾಗಿ ಮಿಂಚುತ್ತದೆ, ಜೊತೆಗೆ ಬಂದ ಸಾಕುನಾಯಿ ಶಾಪದ ವಸ್ತುವಿರುವ ಜಾಗದ ಮೇಲೆ ಕಾಲಿಡಲು ಹಿಂಜರಿಯುತ್ತದೆ. ಆ ನಾಯಿಯ ಹಿಂಜರಿಕೆ ಆಟ ರಚನೆಯ ಇತಿಹಾಸದ ಅತಿ ಸುಂದರ ಸೂಚನೆಗಳಲ್ಲೊಂದು ಎಂದು ನನಗನ್ನಿಸುತ್ತದೆ. ಇಲ್ಲಿ ಶಾಪ ಮುಚ್ಚಿದ್ದರೂ ಅದರ ಜಾಡು ಮುಚ್ಚಿಲ್ಲ. ಜೊತೆಗೆ ಆಡುವವನು ಒಬ್ಬನೇ. ಸತ್ತರೆ ಅವನ ಸಂಜೆ ಮಾತ್ರ ಹಾಳು, ಬೇರೆ ಯಾರದೂ ಅಲ್ಲ. ಈ ಎರಡೂ ಅನುಕೂಲಗಳು ಟೇಬಲ್ಲಿನಲ್ಲಿ ತಾನಾಗಿ ಬರುವುದಿಲ್ಲ. ಡಿಎಂ ಕಷ್ಟಪಟ್ಟು ಜಾಡು ಬಿತ್ತಿದರೆ ಮುಚ್ಚಿಟ್ಟ ಶಾಪವೂ ಸೊಗಸಾದ ಒಗಟಾಗಬಹುದು: ಹಾರ ಸಿಕ್ಕಿದ ಅಸ್ಥಿಪಂಜರದ ಕೊರಳಿನ ಮೂಳೆ ಪುಡಿಯಾಗಿರುವುದು, ಇಡೀ ನಿಧಿಯನ್ನು ದೋಚಿದವರು ಈ ಒಂದು ನಿಲುವಂಗಿಯನ್ನು ಮಾತ್ರ ಬಿಟ್ಟುಹೋಗಿರುವುದು. ಆದರೆ ಆಗ ನಾವು ಮೆಚ್ಚುತ್ತಿರುವುದು ಒಗಟನ್ನು, ಬಿಡಿಸಿದವನ ಜಾಣತನವನ್ನು. ಕಣ್ಣು ಮುಚ್ಚಿ ತೊಟ್ಟವನು ಈ ಲೆಕ್ಕದಲ್ಲೂ ಸೋತವನೇ.

ಹಳೆಯ ನಿಯಮಗಳು ಕನಿಷ್ಠ ಒಂದು ವಿಷಯದಲ್ಲಿ ಪ್ರಾಮಾಣಿಕವಾಗಿದ್ದವು: ತಿಳಿದುಕೊಳ್ಳುವುದಕ್ಕೂ ಬೆಲೆ ಇಟ್ಟಿದ್ದವು. ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಮೊದಲ ಆವೃತ್ತಿಯಲ್ಲಿ ವಸ್ತುವಿನ ಗುಣ ಕಂಡುಹಿಡಿಯುವ ‘ಐಡೆಂಟಿಫೈ’ ಮಂತ್ರ ಹಾಕಬೇಕಾದರೆ ಮಂತ್ರವಾದಿ 100 ಚಿನ್ನದ ನಾಣ್ಯ ಬೆಲೆಯ ಮುತ್ತು ಕಳೆದುಕೊಳ್ಳಬೇಕಿತ್ತು, ಅವನ ದೇಹಬಲ ತಾತ್ಕಾಲಿಕವಾಗಿ 8 ಅಂಕ ಇಳಿಯುತ್ತಿತ್ತು, ವಸ್ತುವನ್ನು ತಾನೇ ತೊಟ್ಟು ಅಥವಾ ಹಿಡಿದು ನೋಡಬೇಕಾಗಿದ್ದರಿಂದ ಶಾಪವಿದ್ದರೆ ಮೊದಲು ತಗಲುತ್ತಿದ್ದುದೂ ಅವನಿಗೇ. ಇದು ನಿರ್ಧಾರ, ಎರಡು ಕಡೆಯೂ ತೂಕವಿದೆ. 2014ರ ಐದನೇ ಆವೃತ್ತಿ ಮಾಡಿದ್ದೇನು? ಅರ್ಧ ದಾರಿಯ ರಾಜಿ. ವಸ್ತುವನ್ನು ಹಿಡಿದು ಒಂದು ಗಂಟೆಯ ಸಣ್ಣ ವಿರಾಮದಲ್ಲಿ ಕೂತರೆ ಅದರ ಗುಣಗಳೆಲ್ಲ ತಿಳಿಯುತ್ತವೆ, ಆದರೆ ಶಾಪವೊಂದು ಮಾತ್ರ ತಿಳಿಯುವುದಿಲ್ಲ; ‘ಐಡೆಂಟಿಫೈ’ ಮಂತ್ರಕ್ಕೂ ಅದು ಕಾಣುವುದಿಲ್ಲ. ಸರಿ, ಗುಟ್ಟು ಉಳಿಯಿತು ಎನ್ನೋಣ. ಆದರೆ ಬಯಲಾದ ಮೇಲೆ? ‘ರಿಮೂವ್ ಕರ್ಸ್’ ಮೂರನೇ ದರ್ಜೆಯ ಮಂತ್ರ, ಐದನೇ ಮಟ್ಟದ ಯಾವ ಪುರೋಹಿತ ಪಾತ್ರವೂ ಅದನ್ನು ಹಾಕಿ ವಸ್ತುವಿನ ಹಿಡಿತದಿಂದ ಒಡೆಯನನ್ನು ಬಿಡಿಸಬಲ್ಲದು. ಪರಿಣಾಮವೇನೆಂದರೆ, ಶಾಪ ಬರುವ ಮೊದಲು ಆಟಗಾರ ಮಾಡಬಹುದಾದದ್ದು ಏನೂ ಇಲ್ಲ, ಬಂದ ಮೇಲೆ ಮಾಡಬೇಕಾದದ್ದೂ ಹೆಚ್ಚೇನಿಲ್ಲ. ಭಯವೂ ಹೋಯಿತು, ಆಯ್ಕೆಯೂ ಹೋಯಿತು. ಹೊಸ ಆವೃತ್ತಿಯ ಮೇಲೆ ಧೈರ್ಯದ ಪಕ್ಷದವರ ಸಿಟ್ಟು ನ್ಯಾಯವಾದದ್ದೇ, ಕಾರಣ ಮಾತ್ರ ತಪ್ಪು. ಶಾಪ ಮೃದುವಾದದ್ದು ಇಲ್ಲಿನ ದೋಷವಲ್ಲ. ನಿರ್ಧರಿಸುವ ಜಾಗವೇ ಖಾಲಿಯಾದದ್ದು ದೋಷ.

ಜೂಜಿಗೆ ಬರೋಣ. ಡೆಕ್ ಆಫ್ ಮೆನಿ ಥಿಂಗ್ಸ್ ಈ ಚರ್ಚೆಯಲ್ಲಿ ಎರಡೂ ಪಕ್ಷಗಳು ಎತ್ತಿ ತೋರಿಸುವ ವಸ್ತು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಎಷ್ಟು ಎಲೆ ತೆಗೆಯುತ್ತೇನೆಂದು ಮೊದಲೇ ಘೋಷಿಸಬೇಕು. ಘೋಷಿಸಿದ ಮೇಲೆ ಹಿಂಜರಿದರೆ ಉಳಿದ ಎಲೆಗಳು ತಾವೇ ಹಾರಿ ಬರುತ್ತವೆ. ಐದನೇ ಆವೃತ್ತಿಯಲ್ಲಿ ಸಣ್ಣ ಕಟ್ಟಿನಲ್ಲಿ 13 ಎಲೆ, ದೊಡ್ಡದರಲ್ಲಿ 22. ಸಣ್ಣ ಕಟ್ಟನ್ನು ಎಣಿಸಿ ನೋಡಿದರೆ ಒಳ್ಳೆಯವು 6, ಕೆಟ್ಟವು 6, ಎರಡೂ ಅಲ್ಲದ್ದು 1. ದೊಡ್ಡದರಲ್ಲಿ ಒಳ್ಳೆಯವು 10, ಕೆಟ್ಟವು 10, ನಡುವಿನವು 2. ಇದನ್ನು ನೋಡಿ ಧೈರ್ಯದ ಪಕ್ಷ ಹೇಳುತ್ತದೆ: ನೋಡಿ, ಸಮನಾಗಿದೆ, ಇನ್ನೇಕೆ ಭಯ? ಎಣಿಕೆ ಸಮನಾಗಿರುವುದರಿಂದ ತೂಕವೂ ಸಮನಾಗಿದೆ ಎಂದು ಹೇಳಲಾಗದು. ಒಳ್ಳೆಯ ಎಲೆಗಳು ಪಾತ್ರಕ್ಕೆ ಏನನ್ನೋ ಸೇರಿಸುತ್ತವೆ: ಒಂದಿಷ್ಟು ಅನುಭವ, ಒಂದು ಕೋಟೆ, ಕೆಲವು ವರ. ಕೆಟ್ಟವುಗಳಲ್ಲಿ ‘ವಾಯ್ಡ್’ ಮತ್ತು ದೊಡ್ಡ ಕಟ್ಟಿನ ‘ಡಾಂಜಾನ್’ ಪಾತ್ರವನ್ನೇ ಆಟದಿಂದ ಎತ್ತಿಬಿಡುತ್ತವೆ; ಒಂದರಲ್ಲಿ ಆತ್ಮ ಎಲ್ಲೋ ಸೆರೆ, ಇನ್ನೊಂದರಲ್ಲಿ ದೇಹವೇ ಸೆರೆ. 22ರಲ್ಲಿ 2 ಎಂದರೆ ಪ್ರತಿ ಎಲೆಗೂ ಸುಮಾರು ಶೇ. 9ರ ಸಾಧ್ಯತೆ. ಟೇಬಲ್ಲಿನ ನಾಲ್ವರೂ ಒಂದೊಂದು ಎಲೆ ತೆಗೆದರೆ ಅವರಲ್ಲಿ ಒಬ್ಬನಾದರೂ ಸೆರೆಯಾಗುವ ಸಾಧ್ಯತೆ ಸುಮಾರು ಮೂರರಲ್ಲೊಂದು; ಎರಡೆರಡು ತೆಗೆದರೆ ಅರ್ಧಕ್ಕಿಂತ ಹೆಚ್ಚು. ಲೆಕ್ಕಿಗನ ಪಕ್ಷಕ್ಕೆ ಇಷ್ಟು ಸಾಕು, ಮುಟ್ಟಬೇಡಿ ಎಂದುಬಿಡುತ್ತದೆ.

ಆದರೆ ಲೆಕ್ಕಿಗನೂ ತಪ್ಪಿದ್ದಾನೆ. ಅವನು ನಷ್ಟವನ್ನು ಪಾತ್ರದ ಕಡೆಯಿಂದ ಅಳೆಯುತ್ತಾನೆ, ಸುಖವನ್ನು ಅನುಭವಿಸುವವನು ಮಾತ್ರ ಆಟಗಾರ. ಪಾತ್ರದ ಆತ್ಮ ಸೆರೆಯಾದರೆ ಪಾತ್ರಕ್ಕೆ ಮಹಾ ನಷ್ಟ. ಆಟಗಾರನಿಗೆ ಅದು ವರ್ಷದ ಅತ್ಯುತ್ತಮ ಸಂಜೆಯಾಗಬಹುದು. ಪಾತ್ರದ ಲಾಭನಷ್ಟವನ್ನು ಕೂಡಿ ಕಳೆದು ಆಟದ ಸುಖವನ್ನು ತೀರ್ಮಾನಿಸುವುದಾದರೆ ದುರಂತ ನಾಟಕವನ್ನು ಯಾರೂ ನೋಡಬಾರದಾಗಿತ್ತು. ಇದೇ ಭೇದ ಧೈರ್ಯದ ಪಕ್ಷದ ಬುಡವನ್ನೂ ಅಲುಗಿಸುತ್ತದೆ. ಎಲೆ ತೆಗೆದವನ ಧೈರ್ಯವನ್ನು ಹೊಗಳುತ್ತೀರಲ್ಲ, ಯಾರ ಧೈರ್ಯ ಅದು? ಅಪಾಯವಿರುವುದು ಪಾತ್ರಕ್ಕೆ, ನಿರ್ಧರಿಸಿದವನು ಆಟಗಾರ. ಸೋತರೆ ಅವನು ಹೊಸ ಕಾಗದ ತೆಗೆದು ಇನ್ನೊಂದು ಪಾತ್ರ ಬರೆಯುತ್ತಾನೆ. ಬೇರೆಯವನ ತಲೆಯ ಮೇಲೆ ಪಣ ಕಟ್ಟಿ ಧೀರನೆನಿಸಿಕೊಳ್ಳುವುದು ಸುಲಭ, ಆ ಬೇರೆಯವನು ಕಾಲ್ಪನಿಕನಾದರೂ ಸರಿ. ‘ನನ್ನ ಪಾತ್ರ ಹೀಗೇ ಮಾಡುತ್ತಿತ್ತು’ ಎನ್ನುವ ಮಾತಿನ ಹಿಂದೆ ಎಷ್ಟೋ ಸಲ ಇರುವುದು, ಬೇಸರ ಬಂದಿದೆ ಏನಾದರೂ ಆಗಲಿ ಎಂಬ ಆಟಗಾರನ ಮನಸ್ಸು. ಅದು ಅಪರಾಧವಲ್ಲ. ಆದರೆ ಅದಕ್ಕೆ ಧೈರ್ಯದ ಬಿರುದು ಬೇಡ.

ಇಬ್ಬರೂ ಕೇಳದೇ ಬಿಟ್ಟ ಪ್ರಶ್ನೆ ಇನ್ನೊಂದಿದೆ: ತೆರುವವರು ಯಾರು? ಒಬ್ಬ ಎಲೆ ತೆಗೆದು ಸೆರೆಯಾದರೆ ಅವನನ್ನು ಹುಡುಕಿ ಬಿಡಿಸುವುದು ಉಳಿದ ಮೂವರ ಮುಂದಿನ ಹಲವು ವಾರಗಳ ಕೆಲಸ. ಒಬ್ಬಳು ತಿಂಗಳುಗಳಿಂದ ತನ್ನ ಪಾತ್ರದ ಕಳೆದುಹೋದ ತಮ್ಮನನ್ನು ಹುಡುಕುತ್ತಿದ್ದರೆ ಆ ಕಥೆ ಮೂಲೆಗೆ ಸರಿಯುತ್ತದೆ. ‘ಫ್ಲೇಮ್ಸ್’ ಎಲೆ ಬಂದರೆ ನರಕದ ಬಲಿಷ್ಠ ದೈತ್ಯನೊಬ್ಬನ ಹಗೆ ಬೀಳುವುದು ತೆಗೆದವನ ಮೇಲೆ, ಆದರೆ ದೈತ್ಯ ಬಂದಾಗ ಪಕ್ಕದಲ್ಲಿ ನಿಂತವರನ್ನು ಬಿಟ್ಟು ಸುಡುತ್ತಾನೆಯೇ? ತನ್ನ ಹೊಲದ ಕೂಳೆಗೆ ತಾನು ಬೆಂಕಿಯಿಟ್ಟೆ ಎನ್ನುವವನಿಗೆ ಪಕ್ಕದವನ ಹುಲ್ಲಿನ ಬಣವೆ ಕಾಣುವುದಿಲ್ಲ. ಅಪಾಯದ ವಸ್ತುವಿನ ಬಗ್ಗೆ ಟೇಬಲ್ಲಿನಲ್ಲಿ ಏಳುವ ನಿಜವಾದ ಮನಸ್ತಾಪಗಳನ್ನು ಗಮನಿಸಿದರೆ, ಅಪಾಯ ದೊಡ್ಡದಾಯಿತು ಎಂದು ಯಾರೂ ಮುನಿಸಿಕೊಳ್ಳುವುದಿಲ್ಲ. ತಾನು ಆರಿಸದ ಅಪಾಯ ತನ್ನ ತಲೆಗೆ ಬಂತು ಎಂದೇ ಮುನಿಸು. ಹಾಗೆಂದರೆ ಪ್ರತಿ ಹೆಜ್ಜೆಗೂ ಎಲ್ಲರ ಸಹಿ ಬೇಕೇ ಎಂದು ಕೇಳಬಹುದು. ಬೇಡ. ಕಾಳಗದಲ್ಲಿ ಮುನ್ನುಗ್ಗುವವನೂ ಇತರರನ್ನು ಅಪಾಯಕ್ಕೆ ಒಡ್ಡುತ್ತಾನೆ, ಆದರೆ ಅಲ್ಲಿ ಇತರರಿಗೆ ಮುಂದಿನ ಸರದಿಯಲ್ಲಿ ಏನಾದರೂ ಮಾಡುವ ಅವಕಾಶವಿದೆ. ಎಲೆಯ ಕಟ್ಟಿಗೆ ಅಂಥ ಮುಂದಿನ ಸರದಿ ಇಲ್ಲ, ಒಂದೇ ಕ್ಷಣದಲ್ಲಿ ಇಡೀ ಕಥೆ ತಿರುಗುತ್ತದೆ. ಕಥೆಯನ್ನೇ ತಿರುಗಿಸುವ ವಸ್ತುವಿಗೆ ಮಾತ್ರ ಎಲ್ಲರ ಒಪ್ಪಿಗೆ ಕೇಳುವುದು ಅತಿಯಾದ ಸೌಜನ್ಯವೇನಲ್ಲ.

ಉಳಿದದ್ದು ಮೂರನೆಯದು, ಬೆಲೆ. ನನ್ನ ದೃಷ್ಟಿಯಲ್ಲಿ ಧೈರ್ಯ ಎಂಬ ಮಾತಿಗೆ ಅರ್ಥ ಬರುವುದು ಇಲ್ಲಿ ಮಾತ್ರ. ಲಾರೆನ್ಸ್ ಶಿಕ್ ಬರೆದ, 1979ರಲ್ಲಿ ಪ್ರಕಟವಾದ ‘ವೈಟ್ ಪ್ಲೂಮ್ ಮೌಂಟನ್’ನಲ್ಲಿ ಬ್ಲ್ಯಾಕ್‌ರೇಝರ್ ಎಂಬ ಕರಿಕತ್ತಿ ಬರುತ್ತದೆ, ಸ್ಟಾರ್ಮ್‌ಬ್ರಿಂಗರ್‌ನ ನೇರ ಸಂತತಿ. ಕೊಂದವರ ಆತ್ಮ ತಿಂದು ಒಡೆಯನಿಗೆ ಬಲ ಕೊಡುತ್ತದೆ. ಹಸಿದರೆ ಒಡೆಯನ ಮನಸ್ಸಿನ ಮೇಲೆಯೇ ಸವಾರಿ ಮಾಡಲು ನೋಡುತ್ತದೆ. ಸತ್ತೂ ಸಾಯದ ಜೀವಿಗಳ ಮೇಲೆ ಬೀಸಿದರೆ ಶಕ್ತಿ ಹಿಮ್ಮುಖವಾಗಿ ಹರಿದು ಒಡೆಯನೇ ಸೊರಗುತ್ತಾನೆ. ಇದೆಲ್ಲ ತಿಳಿದೂ ಹಿಡಿಯುವವನ ಮುಂದೆ ಪ್ರತಿ ಕಾಳಗದಲ್ಲೂ ಒಂದು ನಿರ್ಧಾರವಿದೆ: ಇವತ್ತು ಇದನ್ನು ಎಳೆಯಲೇ? 1981ರಲ್ಲಿ ಬಂದ, ಸ್ಯಾಂಡಿ ಪೀಟರ್ಸನ್ ರಚಿಸಿದ ‘ಕಾಲ್ ಆಫ್ ಕತುಲು’ ಇದನ್ನು ಇನ್ನೂ ನಿಷ್ಠುರವಾಗಿ ಮಾಡಿತು. ಅಲ್ಲಿ ನಿಷಿದ್ಧ ಗ್ರಂಥ ಓದಿದಷ್ಟೂ ರಾಕ್ಷಸಶಕ್ತಿಗಳ ಬಗೆಗಿನ ತಿಳಿವಳಿಕೆ ಏರುತ್ತದೆ, ಏರಿದಷ್ಟೂ ಪಾತ್ರದ ಮನಃಸ್ತಿಮಿತದ ಗರಿಷ್ಠ ಮಿತಿ 99ರಿಂದ ಅಷ್ಟಷ್ಟೇ ಇಳಿಯುತ್ತದೆ, ಎಂದೆಂದಿಗೂ. ಲೆಕ್ಕ ಪಾತ್ರದ ಹಾಳೆಯ ಮೇಲೆಯೇ ಇದೆ, ಯಾರೂ ಮುಚ್ಚಿಟ್ಟಿಲ್ಲ. ಗೆಲ್ಲಬೇಕಾದರೆ ಓದಲೇಬೇಕು, ಓದಿದರೆ ಹುಚ್ಚು ಹತ್ತಿರವಾಗುತ್ತದೆ. ಇಂಥ ನಿಯಮವಿರುವ ಆಟದಲ್ಲಿ ಪುಸ್ತಕ ತೆರೆಯುವ ಕೈ ನಡುಗುವುದನ್ನು ಯಾವ ವಿಷದ ನಿಲುವಂಗಿಯೂ ಸಾಧಿಸಲಾರದು. ಜಾನ್ ಹಾರ್ಪರ್ ರಚಿಸಿದ, 2017ರ ‘ಬ್ಲೇಡ್ಸ್ ಇನ್ ದ ಡಾರ್ಕ್’ ಇದನ್ನೇ ವಸ್ತುವಿನಿಂದ ಬಿಡಿಸಿ ಬರೀ ಒಪ್ಪಂದವಾಗಿಸಿದೆ: ದಾಳ ಹಾಕುವ ಮೊದಲು ಡಿಎಂ ಮಾತ್ರವಲ್ಲ, ಟೇಬಲ್ಲಿನ ಯಾರು ಬೇಕಾದರೂ ಒಂದು ಕೇಡನ್ನು ಮುಂದಿಡಬಹುದು, ಒಪ್ಪಿದರೆ ಒಂದು ದಾಳ ಹೆಚ್ಚುವರಿ, ಗೆದ್ದರೂ ಸೋತರೂ ಆ ಕೇಡು ಮಾತ್ರ ಖಚಿತ. ತೆರುವವರು ಯಾರು ಎಂಬ ಪ್ರಶ್ನೆಗೂ ಇಲ್ಲಿ ಅರ್ಧ ಉತ್ತರವಿದೆ, ಏಕೆಂದರೆ ಕೇಡನ್ನು ಸೂಚಿಸಿದವರಲ್ಲಿ ಜೊತೆಯಾಟಗಾರರೂ ಇದ್ದಾರೆ.

ಇದಕ್ಕೆ ಬರುವ ಮೊದಲ ಆಕ್ಷೇಪ: ಬೆಲೆ ತಿಳಿದಿದ್ದರೆ ಅದು ವ್ಯಾಪಾರವಾಯಿತು, ವಿಸ್ಮಯ ಎಲ್ಲಿ ಉಳಿಯಿತು? ಬೆಲೆ ಏನೆಂದು ತಿಳಿದಿರುವುದು ಬೇರೆ, ಅದನ್ನು ಯಾವಾಗ, ಯಾರ ಮುಂದೆ, ಏನನ್ನು ಬಿಟ್ಟು ತೆರಬೇಕಾಗುತ್ತದೆಂದು ತಿಳಿದಿರುವುದು ಬೇರೆ. ಕರಿಕತ್ತಿಗೆ ಆತ್ಮ ಬೇಕೆಂಬುದು ಗೊತ್ತು. ಅದು ಹಸಿದ ರಾತ್ರಿ ಹತ್ತಿರವಿರುವವರು ಗೆಳೆಯರು ಮಾತ್ರ ಎಂಬುದು ಗೊತ್ತಿರಲಿಲ್ಲ. ಎರಡನೆಯ ಆಕ್ಷೇಪ ಪರಂಪರೆಯದು, ಧೈರ್ಯದ ಪಕ್ಷದವರ ಅತ್ಯಂತ ಪ್ರೀತಿಯ ಸಾಕ್ಷಿ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಅದು ಅವರ ವಿರುದ್ಧವೇ ನುಡಿಯುತ್ತದೆ. ಎಲ್ರಿಕ್‌ಗೆ ತನ್ನ ಕತ್ತಿ ಎಂಥದೆಂದು ಗೊತ್ತಿದೆ. ಅದಿಲ್ಲದೆ ನಿಲ್ಲಲಾರದ ನಿಶ್ಶಕ್ತ ದೇಹ ಅವನದು, ದುರಂತವಿರುವುದೇ ಗೊತ್ತಿದ್ದೂ ಬಿಡಲಾಗದಿರುವುದರಲ್ಲಿ. ಟೋಲ್ಕಿನ್‌ನ ಫ್ರೋಡೋಗೆ ಮಾಂತ್ರಿಕ ಗ್ಯಾಂಡಾಲ್ಫ್ ಉಂಗುರದ ಚರಿತ್ರೆಯನ್ನು ಕಥೆಯ ಎರಡನೇ ಅಧ್ಯಾಯದಲ್ಲೇ ಬಿಡಿಸಿ ಹೇಳಿಬಿಡುತ್ತಾನೆ. ನಮ್ಮ ಕರ್ಣನನ್ನೇ ನೋಡಿ: ಬೇಕಾದ ಹೊತ್ತಿಗೆ ಮಂತ್ರ ಮರೆತುಹೋಗಲಿ ಎಂಬ ಪರಶುರಾಮನ ಶಾಪ ಅವನ ಮುಖದೆದುರೇ ಆಡಿದ್ದು, ಗಮಕದ ಸಭೆಯಲ್ಲಿ ಕೂತು ಭಾರತ ಕೇಳುವ ಪ್ರತಿಯೊಬ್ಬರಿಗೂ ಮೊದಲೇ ಗೊತ್ತಿರುವುದು. ರಥದ ಚಕ್ರ ಹೂತು ಮಂತ್ರವೂ ಮರೆತಾಗ ನಮಗೆ ಅಚ್ಚರಿಯಾಗುವುದಿಲ್ಲ; ಅಚ್ಚರಿಯಾಗಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಶ್ಯಮಂತಕ ಮಣಿಯೂ ಹಾಗೆಯೇ, ಶುಚಿಯಾಗಿ ಧರಿಸಿದವನಿಗೆ ದಿನವೂ ಚಿನ್ನ, ಅಶುಚಿಗೆ ನಾಶ ಎಂಬ ಷರತ್ತು ಮಣಿಯ ಜೊತೆಗೇ ಬರುತ್ತದೆ. ಕಥೆಗಳಲ್ಲಿ ಶಾಪಗಳು ಬಹುಪಾಲು ಬೆಲೆಗಳೇ, ಮುಚ್ಚಿಟ್ಟ ಗೂಟಗಳಲ್ಲ. ಪರಂಪರೆಯನ್ನು ಸಾಕ್ಷಿ ಕರೆದವರು ಮೂರನೆಯ ಜಾತಿಯ ಕೀರ್ತಿಯನ್ನು ಮೊದಲನೆಯದಕ್ಕೆ ತೊಡಿಸಿದ್ದಾರೆ.

ಒಂದು ಅಪವಾದವನ್ನು ಒಪ್ಪಬೇಕು. ಫ್ರೋಡೋಗಿಂತ ಮೊದಲು ಬಿಲ್ಬೋಗೆ ಅದೇ ಉಂಗುರ ಸಿಕ್ಕಾಗ ಅದೇನೆಂದು ಅವನಿಗೆ ತಿಳಿದಿರಲಿಲ್ಲ. ಆದರೆ 1937ರಲ್ಲಿ ‘ದ ಹಾಬಿಟ್’ ಅಚ್ಚಾದಾಗ ಅದು ಕಾಣದಂತೆ ಮಾಡುವ ಉಂಗುರ ಮಾತ್ರವಾಗಿತ್ತು. ಮುಂದಿನ ಕಾದಂಬರಿ ಬರೆಯುತ್ತ ಬರೆಯುತ್ತ ಟೋಲ್ಕಿನ್ ಅದಕ್ಕೆ ಕೇಡನ್ನು ತುಂಬಿ, ಗೊಲ್ಲಮ್ ಬರುವ ಅಧ್ಯಾಯವನ್ನು 1951ರ ಆವೃತ್ತಿಗೆ ತಿದ್ದಿ ಬರೆದ. ಡಿಎಂಗಳು ಈ ಉದಾಹರಣೆಯಿಂದ ಕಲಿಯುವುದಿದೆ, ಆದರೆ ಅದು ಹಿಂದಿನಿಂದ ಹೊಂಚುಹಾಕುವ ಪಾಠವಲ್ಲ. ಆಟಗಾರ ಪ್ರೀತಿಯಿಂದ ಬಳಸುತ್ತ ಬಂದ ವಸ್ತುವಿಗೆ ನಿಧಾನವಾಗಿ ಒಂದು ಚರಿತ್ರೆ ಕೂಡಿಕೊಳ್ಳಬಹುದು, ಆ ಚರಿತ್ರೆ ಬಯಲಾದ ಮೇಲೆಯೇ ನಿಜವಾದ ಕಥೆ ಆರಂಭವಾಗಬಹುದು. ಫ್ರೋಡೋನ ಪಯಣ ಹೊರಡುವುದು ಉಂಗುರದ ಗುಟ್ಟು ಒಡೆದ ಮೇಲೆ, ಅದು ಮುಚ್ಚಿದ್ದಾಗಲ್ಲ.

ಹಾಗಾದರೆ ಅನಿರೀಕ್ಷಿತ ಶಾಪವನ್ನು ಬಯಸುವ ಡಿಎಂ ಏನು ಮಾಡಬೇಕು? ನನಗೆ ತೋಚುವ ದಾರಿ, ಆಟಗಾರನ ಅರಿವನ್ನೂ ಪಾತ್ರದ ಅರಿವನ್ನೂ ಬೇರ್ಪಡಿಸುವುದು. ಐದನೇ ಆವೃತ್ತಿಯ ಬರ್ಸರ್ಕರ್ ಕೊಡಲಿಯನ್ನು ತೆಗೆದುಕೊಳ್ಳಿ. ಹಿಡಿದವನ ಜೀವಬಲ ಹೆಚ್ಚುತ್ತದೆ, ಆದರೆ ಅದನ್ನು ಬಿಟ್ಟಿರಲು ಮನಸ್ಸೇ ಒಪ್ಪುವುದಿಲ್ಲ. ಶತ್ರುವಿನ ಏಟು ಬಿದ್ದಾಗ ದಾಳ ಕೈಕೊಟ್ಟರೆ ಕಣ್ಣಿಗೆ ಕತ್ತಲು ಕವಿದು, ಹತ್ತಿರವಿರುವವರು ಗೆಳೆಯರಾದರೂ ಕಡಿಯುತ್ತಾನೆ. ಪುಸ್ತಕದ ಪ್ರಕಾರ ಇದನ್ನು ಆಟಗಾರನಿಂದ ಮುಚ್ಚಿಡಬೇಕು. ಅದರ ಬದಲು ಶಾಪವನ್ನು ಪೂರ್ತಿಯಾಗಿ ಆಟಗಾರನಿಗೆ ಹೇಳಿ, ಪಾತ್ರಕ್ಕೆ ಹೇಳದಿದ್ದರೆ? ತಿಳಿದವನು ತಿಳಿಯದಂತೆ ಆಡಲಾರ, ಹೇಗಾದರೂ ತಪ್ಪಿಸಿಕೊಳ್ಳುತ್ತಾನೆ ಎಂಬ ಸಂಶಯ ಸಹಜ. ಆದರೆ ಈ ಆಟದಲ್ಲಿ ಆಟಗಾರರು ಮಾಡುವುದೆಲ್ಲ ಅದೇ ತಾನೇ: ದೈತ್ಯನ ಬಲಹೀನತೆ ಪುಸ್ತಕದಲ್ಲಿ ಓದಿದ್ದೂ ಓದದಂತೆ, ಪಕ್ಕದವನ ಗುಟ್ಟು ಕೇಳಿದ್ದೂ ಕೇಳದಂತೆ ಆಡುವುದು. ತಪ್ಪಿಸಿಕೊಳ್ಳುವವನು ಶಾಪವನ್ನು ಬೇಡವೆಂದವನು, ಅವನಿಗೆ ಬಲವಂತವಾಗಿ ಕೊಡುವುದರಲ್ಲಿ ಹುರುಳಿಲ್ಲ. ಒಪ್ಪಿದವನು ತನ್ನ ಪಾತ್ರವನ್ನು ಬೇಕೆಂದೇ ಗೆಳೆಯರ ನಡುವೆ ನಿಲ್ಲಿಸಿ, ಏಟು ಬೀಳುವುದನ್ನು ಕಾಯುತ್ತಾನೆ, ಟೇಬಲ್ಲಿನ ಇತರರೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಅಂಥವನು ಸಿಗದಿದ್ದರೆ ಡಿಎಂ ಆ ಕೊಡಲಿಯನ್ನು ಎದುರಾಳಿ ದಳಪತಿಯ ಕೈಗೆ ಕೊಡಬಹುದು. ಅವನು ಹುಚ್ಚೆದ್ದು ತನ್ನ ಸೈನಿಕರನ್ನೇ ಕಡಿಯುವುದನ್ನು ಕಣ್ಣಾರೆ ಕಂಡ ಮೇಲೆ, ಸತ್ತವನ ಕೈಯಿಂದ ಅದನ್ನು ಎತ್ತಿಕೊಳ್ಳಬೇಕೋ ಬೇಡವೋ ಎಂದು ಟೇಬಲ್ಲು ತಾನಾಗಿಯೇ ಅರ್ಧ ಗಂಟೆ ಜಗಳವಾಡುತ್ತದೆ.